ಜನರೇಟರಿಗೆ ಹೊಲಿದ ಅಂಗಿ

ದರ್ಜಿಯಕ್ಕನ ಮನೆಯೂ ಅಂಗಡಿಯೂ ಒಂದೇ ಹಳೆಯ ಗಾಡಿ. ಹಿಂದುಗಡೆ ಮಂಚ, ನಡುವೆ ಒಲೆ, ಮುಂದುಗಡೆ ಹೊಲಿಗೆ ಯಂತ್ರ. ಗಾಡಿ ನಿಲ್ಲಿಸಿದ್ದ ಮೈದಾನದಲ್ಲಿ ಕರೆಂಟಿಲ್ಲ. ಯಂತ್ರಕ್ಕೂ ಇಸ್ತ್ರಿಗೂ ಗಾಡಿಯಡಿಯ ಜನರೇಟರೇ ಗತಿ. ಅದು ವರ್ಷಗಳಿಂದ ಕೆಮ್ಮುತ್ತಿತ್ತು. ಆ ಕೆಮ್ಮು ಅವಳಿಗೆ ಒಗ್ಗಿಹೋಗಿತ್ತು.

ಒಗ್ಗದೆ ಉಳಿದದ್ದು ಪಕ್ಕದ ಗಾಡಿಯ ಮೌನ. ಆ ಹೊಸ ಗಾಡಿ ತಂಗಿಯದು. ತಂಗಿಗೆ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳೇ ಅಕ್ಕ. ಈಗ ತಂಗಿಯ ಜನರೇಟರ್ ಓಡುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಕೈಯಿಟ್ಟು ನೋಡಬೇಕು. ತಂಗಿ ನೀರಿಗೆ ಹೋದಾಗ ಅಕ್ಕ ಒಮ್ಮೆ ಇಟ್ಟೂ ನೋಡಿದ್ದಳು. ಬೆಳಿಗ್ಗೆ ಎದ್ದರೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ತಂಗಿಯ ಮೆಟ್ಟಿಲ ಬಳಿ ಗಿರಾಕಿಗಳು ಬಿಟ್ಟ ಚಪ್ಪಲಿಗಳ ಮೇಲೆ.

ಹನ್ನೆರಡು ವರ್ಷಗಳಿಂದ ಬರುತ್ತಿದ್ದ ಗಿರಾಕಿ ಟೀಚರಮ್ಮ ಒಂದು ದಿನ ಹೊಲಿದ ಕೋಟನ್ನು ಮೂಸಿ ನೋಡಿದರು.

"ಹೊಲಿಗೆಗೆ ಹೆಸರಿಡೋ ಹಾಗಿಲ್ಲಮ್ಮ. ಆದ್ರೆ ಈ ಹೊಗೆ ವಾಸನೆ! ಇದನ್ನ ಹಾಕ್ಕೊಂಡು ಹೋದ್ರೆ, ಲಾರಿ ಹಿಂದೆ ನೇತಾಡ್ಕೊಂಡು ಬಂದ್ರಾ ಟೀಚರ್ ಅಂತಾರೆ ಮಕ್ಕಳು. ಮುಂದಿನದು ನಿಮ್ಮ ತಂಗಿ ಹತ್ರ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಬೇರೆ ಯಾರ ಬಳಿ ಹೋಗಿದ್ದರೂ ಅಕ್ಕ ಸಹಿಸುತ್ತಿದ್ದಳು.

ಸದ್ದನ್ನೂ ಹೊಗೆಯನ್ನೂ ಅಡಗಿಸಲು ಅವಳಿಗೆ ಗೊತ್ತಿದ್ದ ಮದ್ದು ಹೊಲಿಗೆಯೊಂದೇ. ಟೇಪು ಹಿಡಿದು ಜನರೇಟರಿನ ಸುತ್ತಳತೆ ತೆಗೆದಳು. ಮೂರು ಪದರ ಕಂಬಳಿ, ನಡುವೆ ಹತ್ತಿ, ಜೋಡಿ ಹೊಲಿಗೆ, ಮುಂದೆ ಐದು ಗುಂಡಿ. ತೊಡಿಸಿದರೆ ಮೈಗಂಟಿದಂತೆ ಕೂತಿತು. ಸದ್ದು ಅರ್ಧಕ್ಕರ್ಧ ಇಳಿಯಿತು. ಅಕ್ಕ ತಂಗಿಯ ಗಾಡಿಯತ್ತ ತಿರುಗಿ ಗದ್ದ ಎತ್ತಿದಳು. ಕಾಲು ಗಂಟೆಯಲ್ಲಿ ಜನರೇಟರ್ ಏದುಸಿರು ಬಿಟ್ಟು ನಿಂತಿತು. ಕಂಬಳಿ ಕಮರಿದ ವಾಸನೆ ಮೈದಾನವೆಲ್ಲ ಹರಡಿತು.

ರಿಪೇರಿಯವನು ಬಂದು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ.

"ಕಾಲರ್ ಒಂದು ಇಡಬೇಕಿತ್ತು ಅಕ್ಕಾ. ಉಸಿರಾಡೋಕೆ ಸಡಿಲು ಬಿಡದೆ ಯಾರಿಗಾದ್ರೂ ಹೊಲೀತೀರಾ? ಇದಕ್ಕೂ ಗಾಳಿ ಬೇಕು. ಬೆಂಕಿ ಹತ್ತಲಿಲ್ಲ, ನಿಮ್ಮ ಪುಣ್ಯ."

"ಪಕ್ಕದವಳದ್ದಕ್ಕಿಂತ ಸದ್ದು ಕಮ್ಮಿ ಆಗುತ್ತಾ? ಅದು ಹೇಳು."

"ನಿಮಗೆ ಸಾಕಾಗೋಷ್ಟು ಆಗುತ್ತೆ."

"ನಂಗೆ ಅಷ್ಟು ಸಾಲದು."

ಹೊಗೆ ಪೈಪಿನ ಜೋಡಣೆ ಬಿರುಕು ಬಿಟ್ಟಿತ್ತು. ಹೊಗೆ ನೆಲದ ಸಂದಿಯಿಂದ ಒಳಗೆ ಬರುತ್ತಿದ್ದುದು ಅಲ್ಲಿಂದಲೇ. ಅವಳ ಸಂಜೆಯ ತಲೆನೋವಿಗೂ ಅದೇ ಕಾರಣ. ಅದನ್ನು ಅವಳು ಇಷ್ಟು ದಿನ ತಂಗಿಯ ತಲೆಗೆ ಕಟ್ಟಿದ್ದಳು. ಅವನು ಜೋಡಣೆ ಬದಲಿಸಿ ಹೊಸ ಸೈಲೆನ್ಸರ್ ಹಾಕಿದ, ಪೈಪನ್ನು ಕಿಟಕಿಗಳಿಂದ ದೂರ ಚಾವಣಿಯ ಮೇಲಕ್ಕೆ ಒಯ್ದ, ನೆಲದ ಸಂದಿಗಳನ್ನು ಮುಚ್ಚಿದ. ಜನರೇಟರಿನಡಿ ಅದುರು ತಡೆಯಲು ಇಟ್ಟು ಸವೆದಿದ್ದ ರಬ್ಬರುಗಳ ಜಾಗದಲ್ಲಿ ಹೊಸವು ಬಂದವು. ಸುತ್ತ, ಗಾಳಿಯಾಡಲು ದಾರಿ ಬಿಟ್ಟು, ಶಾಖ ತಡೆಯುವ ಮೆತ್ತೆ ಒಳಗಂಟಿಸಿದ ತಗಡಿನ ಪೆಟ್ಟಿಗೆ. ಮಂಚದ ಬಳಿ, ಹೊಗೆಯ ವಿಷಗಾಳಿ ಒಳಗೆ ಸೇರಿದರೆ ಕೂಗುವ ಅಲಾರಂ.

ವಾರ ಕಳೆದು, ತಂಗಿಯ ಗಾಡಿಗೆ ಹೊರಟಿದ್ದ ಟೀಚರಮ್ಮ ನಡುದಾರಿಯಲ್ಲೇ ನಿಂತರು.

"ಏನಮ್ಮ, ಇವತ್ತು ರಜಾನಾ?"

"ಓಡ್ತಾ ಇದೆ ಮೇಡಂ. ಬನ್ನಿ, ಮೂಸಿ ನೋಡಿ."

ಬಂದರು, ಮೂಸಿದರು, ಕೋಟಿನ ಬಟ್ಟೆಯನ್ನು ಅಕ್ಕನ ಮೇಜಿನ ಮೇಲಿಟ್ಟರು. ಅಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅವರ ಹೆಗಲ ಮೇಲೆ ಬಟ್ಟೆ ಹರಡಿದಳು. ಇಷ್ಟು ವರ್ಷ ಈ ಗಾಡಿಯೊಳಗೆ ಕೇಳಿಸದಿದ್ದ ನಿಶ್ಶಬ್ದ. ಅದರೊಳಗೆ, ಪಕ್ಕದಿಂದ, ತಂಗಿ ಹೊಲಿಯುತ್ತಾ ಹಾಡುವುದು ತೇಲಿ ಬಂತು.

"ಅಬ್ಬಾ! ನಿಮ್ಮ ತಂಗಿ ಎಷ್ಟು ಚೆನ್ನಾಗಿ ಹಾಡ್ತಾರೆ! ಕಿಟಕಿ ಸ್ವಲ್ಪ ತೆಗೀರಿ."

ಅಕ್ಕ ಒಂದು ಗೇಣು ಮಾತ್ರ ತೆಗೆದಳು. ಆ ಹಾಡನ್ನು ಕಲಿಸಿದ್ದೂ ತಾನೇ ಎನ್ನಬೇಕೆಂದುಕೊಂಡಳು. ಬಾಯಿ ತುಂಬ ಸೂಜಿಗಳಿದ್ದವು.