ಸವೆಯದ ಮೆಟ್ಟಿಲು

ಅವನ ನಿಜವಾದ ಹೆಸರನ್ನು ಸಂಬಳದ ಚೀಟಿ ಬಿಟ್ಟರೆ ಬೇರಾರೂ ಬಳಸುತ್ತಿರಲಿಲ್ಲ. ಆಫೀಸಿಗೂ ಮನೆಗೂ ಅವನು ಚುಕ್ಕಿ. ಅವನು ಹಳೆಯ ಕಟ್ಟಡದೊಳಗೆ ಮೂರು ಕಾಲಿನ ಮೇಲೊಂದು ಅಳತೆಯ ಯಂತ್ರ ನಿಲ್ಲಿಸಬೇಕು. ಅದು ಗಿರಗಿರನೆ ತಿರುಗಿ, ಬೆಳಕು ಎಸೆದು, ಗೋಡೆ ಬಿರುಕುಗಳನ್ನೆಲ್ಲ ಕೋಟಿಗಟ್ಟಲೆ ಚುಕ್ಕಿಗಳಾಗಿ ಕಂಪ್ಯೂಟರಿಗೆ ಇಳಿಸುತ್ತದೆ. "ಕೆಲಸ ಯಂತ್ರದ್ದು. ಅದರ ಎದುರಿಗೆ ಅಡ್ಡ ಬರದೆ ನಿಲ್ಲೋದು ನನ್ನದು" ಎನ್ನುತ್ತಿದ್ದ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನನ್ನು ನಂಬಿ ದೊಡ್ಡ ದೊಡ್ಡ ಇಂಜಿನಿಯರುಗಳು ಗೋಡೆ ರಿಪೇರಿ ಮಾಡುತ್ತಾರಲ್ಲ ಎಂದು ಅವನಿಗೇ ಆಗಾಗ ಮೈ ಜುಮ್ಮೆನ್ನುತ್ತಿತ್ತು.

ಆ ಸಲ ಸಿಕ್ಕಿದ್ದು ಹಳೆಯ ಗಡಿಯಾರದ ಗೋಪುರ. ನೆತ್ತಿ ಬಿರುಕು ಬಿಟ್ಟಿತ್ತು. ಒಳಗೆ ಸುತ್ತಿ ಸುತ್ತಿ ಏರುವ ಮೂವತ್ತೊಂದು ಕಲ್ಲಿನ ಮೆಟ್ಟಿಲು. ಐದು ದಿನ ಯಂತ್ರ ಹೊತ್ತು ಹತ್ತಿಳಿದು, ಆರನೆಯ ದಿನ ಮೇಜಿನ ಮುಂದೆ ಕೂತು, ಯಾವ ಮೆಟ್ಟಿಲು ಎಷ್ಟು ಸವೆದಿದೆ ಎಂದು ಲೆಕ್ಕ ತೆಗೆದ. ಹದಿನೆಂಟು ಮಿಲಿಮೀಟರು, ಇಪ್ಪತ್ತೊಂದು, ಹತ್ತೊಂಬತ್ತು. ಹದಿನೇಳನೆಯದಕ್ಕೆ ಮಾತ್ರ ಸೊನ್ನೆ.

ಎಂದೋ ಬದಲಾಯಿಸಿದ ಹೊಸ ಕಲ್ಲಿರಬೇಕು ಅಂದುಕೊಂಡ. ಆದರೆ ಹದಿನಾರರ ಕಲ್ಲಿನಲ್ಲಿದ್ದ ಕಪ್ಪು ಗೆರೆ ಹದಿನೇಳರಲ್ಲೂ ಮುಂದುವರಿದಿತ್ತು. ಒಂದೇ ಬಂಡೆ ಸೀಳಿ ಮಾಡಿದ ಎರಡು ಮೆಟ್ಟಿಲು. ಹದಿನೇಳರ ಮೇಲಿನ ಉಳಿಯ ಗುರುತು ನಿನ್ನೆ ಬಿದ್ದಂತಿತ್ತು. ಅದರ ಕೆಳಗಿನದೂ ಮೇಲಿನದೂ ಮಾತ್ರ ಉಳಿದೆಲ್ಲಕ್ಕಿಂತ ಹೆಚ್ಚು ಸವೆದಿದ್ದವು. ಇನ್ನೂರು ವರ್ಷ ಹತ್ತಿದವರೆಲ್ಲ, ಇಳಿದವರೆಲ್ಲ ಅದೊಂದನ್ನು ದಾಟಿಕೊಂಡೇ ಹೋಗಿದ್ದರು.

ಮಾರನೆಯ ಬೆಳಿಗ್ಗೆ ಓಡಿಹೋಗಿ ನೋಡಿದ. ಅಳತೆ ಮುಗಿಯಲೆಂದು ಗುಡಿಸದೆ ಬಿಟ್ಟ ಐದು ದಿನದ ಧೂಳಿನಲ್ಲಿ ಹದಿನಾರರ ಮೇಲೆ ಅವನದೇ ಬೂಟಿನ ಗುರುತು, ಹದಿನೆಂಟರ ಮೇಲೂ ಅವನದೇ. ನಡುವಿನದರ ಮೇಲೆ ಒಂದೂ ಇಲ್ಲ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹನ್ನೆರಡು ಕಿಲೋ ಹೊತ್ತುಕೊಂಡು, ದಿನಕ್ಕೆ ಎಂಟು ಸಲ, ತನಗೇ ತಿಳಿಯದೆ ದಾಟಿದ್ದ.

ಗೋಪುರ ಗುಡಿಸುವ ಅಜ್ಜಿ ಕೆಳಗಿನ ಬಾಗಿಲಲ್ಲಿದ್ದಳು.

"ಅಜ್ಜೀ, ಆ ಹದಿನೇಳನೇದು..."

"ಗುಡಿಸ್ತೀನಪ್ಪಾ. ಕಾಲಿಡಲ್ಲ."

"ಯಾಕೆ?"

"ನಮ್ಮತ್ತೆ ಇಡ್ತಿರ್ಲಿಲ್ಲ. ಅವಳಿಗೂ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಾದ್ರೆ ನಂಗೂ ಹೇಳು."

ಗೋಪುರ ರಿಪೇರಿಯ ಇಂಜಿನಿಯರಿಗೆ ಲೆಕ್ಕ ತೋರಿಸಿದಾಗ ಅವರಿಗೆ ಖುಷಿಯೋ ಖುಷಿ. "ಇಡೀ ಗೋಪುರದಲ್ಲಿ ಗಟ್ಟಿ ಕಲ್ಲು ಇದೊಂದೇ ಕಣಯ್ಯಾ. ನೆತ್ತಿಗೆ ಕೊಡೋ ಆಸರೆ ಕಂಬದ ಬುಡ ಇಲ್ಲೇ ಇರಲಿ." ಸೋಮವಾರ ಆ ಮೆಟ್ಟಿಲ ಮೇಲೆ ನಿಂತು ಕಂಬ ಬಿಗಿಯಬೇಕಾದವನು ಸಾರವೆ ಕಟ್ಟುವ ಮೇಸ್ತ್ರಿ. ಆ ಮೇಸ್ತ್ರಿ ಬೇರಾರೂ ಅಲ್ಲ, ಚುಕ್ಕಿಯ ಅಕ್ಕನ ಗಂಡ.

ಚುಕ್ಕಿ ಆ ಮೆಟ್ಟಿಲಿನ ಅಡಿಯನ್ನೂ ಅಳೆದ. ಒಂದು ಬಿರುಕಾದರೂ ಸಿಗಲಿ ಎಂದು ಹಂಬಲಿಸಿದ. ಕಲ್ಲು ಗೋಡೆಯೊಳಗೆ ಭದ್ರವಾಗಿ ಕೂತಿತ್ತು, ಎಳ್ಳಷ್ಟೂ ಕುಂದಿಲ್ಲ. ಯಂತ್ರ ಅವನ ಕೈಬಿಟ್ಟಿತ್ತು. ಹಾಗಾದರೆ ತಾನೇ ಮೊದಲು ನಿಂತು ನೋಡುವುದೆಂದು ಹೊರಟ. ಮೊದಲ ಸಲ ಕಾಲು ತಾನಾಗಿ ಹದಿನೆಂಟಕ್ಕೆ ಹೋಯಿತು. ಎರಡನೆಯ ಸಲವೂ ಅಷ್ಟೇ. ಐದನೆಯ ಸಲ ಬೆವರು ಒರೆಸಿಕೊಂಡು, ಮಾಡಬೇಕಾದ ಬೇರೆ ಕೆಲಸ ಬಹಳ ಇದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೆಳಗಿಳಿದ.

ವರದಿಯ ಕೊನೆಗೆ ಒಂದು ಸಾಲು ಸೇರಿಸಿದ: "ಹದಿನೇಳನೆಯ ಮೆಟ್ಟಿಲನ್ನು ಯಾರೂ ತುಳಿದಿಲ್ಲ. ಭಾರ ಹೊರಿಸಬಾರದು."

"ಕಾರಣ ಏನಂತ ಬರೀತೀಯ? ಭಯ ಅಂತಲಾ?" ಇಂಜಿನಿಯರು ಕೇಳಿದರು.

"ಕಾರಣ ಗೊತ್ತಿಲ್ಲ ಸಾರ್. ಇನ್ನೂರು ವರ್ಷದ ಹೆಜ್ಜೆ ಗೊತ್ತು."

ಭಾವನಿಗೋ ಇದು ಒಳ್ಳೆ ತಮಾಷೆ. "ಅಲ್ವೋ ಭಾಮೈದ, ಆಕಾಶದಲ್ಲಿ ಹಲಗೆ ಮೇಲೆ ಊಟ ಮಾಡೋನು ನಾನು. ನಂಗೆ ಮೆಟ್ಟಿಲು ತೋರಿಸಿ ಹೆದರಿಸ್ತೀಯಲ್ಲ!"

"ನಗಬೇಡಿ ಭಾವ. ನಿಮಗೇನಾದ್ರೂ ಆದ್ರೆ ಅಕ್ಕನಿಗೆ ಮುಖ ತೋರಿಸೋನು ನಾನು."

ಸೋಮವಾರ ಇಂಜಿನಿಯರೇ ಬಂದರು. "ನೋಡಿಲ್ಲಿ, ನಾನೇ ನಿಂತು ತೋರಿಸ್ತೀನಿ" ಎಂದು ಎಣಿಸುತ್ತಾ ಹತ್ತಿದರು. ಹಿಂದೆ ಭಾವ, ಅವನ ಹಿಂದೆ ಚುಕ್ಕಿ. ಹದಿನಾರು ಎಂದರು. ಬಲಗಾಲು ಎತ್ತಿದರು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಕೆಳಗೆ ಅಜ್ಜಿಯ ಪೊರಕೆಯ ಸದ್ದೂ ನಿಂತಿತು. ಇಂಜಿನಿಯರ ಕುತ್ತಿಗೆಯ ಹಿಂದೆ ಕೂದಲು ನೆಟ್ಟಗಾಗಿದ್ದನ್ನು ಚುಕ್ಕಿ ಕಂಡ. ಅಷ್ಟು ಹೊತ್ತು ನಗುತ್ತಿದ್ದ ಭಾವ ಉಸಿರು ಬಿಗಿಹಿಡಿದಿದ್ದ. ಆ ಕಾಲು ನಿಧಾನವಾಗಿ ಹಿಂದಕ್ಕೆ ಬಂದು ಹದಿನೈದರ ಮೇಲೆ ಕೂತಿತು.

"ಜಾಗ ಇಕ್ಕಟ್ಟು," ಎಂದರು ಇಂಜಿನಿಯರು, ಯಾರ ಮುಖವನ್ನೂ ನೋಡದೆ. "ಕಿಟಕಿಯಿಂದ ತೊಲೆ ಹಾಯಿಸಿ, ಭಾರ ಹೊರಗಿನ ಸಾರವೆಗೆ ಹೊರಿಸೋಣ."

ನಾಲ್ಕು ತಿಂಗಳಲ್ಲಿ ನೆತ್ತಿ ಗಟ್ಟಿಯಾಯಿತು. ಕಡೆಯ ದಿನ ಭಾವ, ಚುಕ್ಕಿ ಇಬ್ಬರೇ ಇಳಿಯುತ್ತಿದ್ದರು. ಹದಿನೆಂಟರ ಮೇಲೆ ಭಾವ ನಿಂತ.

"ಇಷ್ಟಾದ್ಮೇಲೆ ಒಂದ್ಸಲ ಕಾಲಿಟ್ಟೇ ಬಿಡ್ಲಾ? ಏನಾಗುತ್ತೆ ನೋಡೋಣ."

ದನಿಯಲ್ಲಿ ತಮಾಷೆ ಇರಲಿಲ್ಲ. ಅವನ ಕಣ್ಣು ಆ ಕಲ್ಲಿನಿಂದ ಕದಲಲಿಲ್ಲ. ಯಾರೋ ಕರೆದಂತೆ ಕಾಲು ಮುಂದೆ ಜಾರುತ್ತಿತ್ತು. ಚುಕ್ಕಿ ಅವನ ಮಣಿಕಟ್ಟು ಹಿಡಿದು ಎಳೆದ. ಇಬ್ಬರೂ ಒಟ್ಟಿಗೇ ದಾಟಿ ಹದಿನಾರರ ಮೇಲೆ ಬಿದ್ದಂತೆ ನಿಂತರು.

"ಬಿಡೋ ಮಾರಾಯ, ನಿಮ್ಮಕ್ಕನೂ ಇಷ್ಟು ಬಿಗಿಯಾಗಿ ಹಿಡಿದಿಲ್ಲ," ಎಂದ ಭಾವ.

ಚುಕ್ಕಿ ಬಿಡಲಿಲ್ಲ. ಬಾಗಿಲು ದಾಟಿ, ಬೀದಿಗೆ ಬಂದು, ಬಸ್ಸು ಹತ್ತಿದ ಮೇಲೂ ಬಿಡಲಿಲ್ಲ.