ಆಗಮನಕಾಲದಲ್ಲೇ ಬಂದ ಕ್ರಿಸ್ಮಸ್

ಪ್ರಿಯ ವಿಶ್ವಾಸಿಗಳೇ, ನಾನು ದೇವರಲ್ಲಿ ಬೇಡಿದ್ದು ಒಂದೇ: ಅಪ್ಪ ಕ್ರಿಸ್ಮಸ್‌ವರೆಗೆ ಬದುಕಲಿ, ಅಂದಿನ ಕರ್ತನ ಭೋಜನದಲ್ಲಿ ಪಾಲು ಪಡೆಯಲಿ.

೧೯೯೨ರ ಡಿಸೆಂಬರ್. ಕಾಶಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದ ನನ್ನನ್ನು ರಜೆಗೆ ಕರೆದೊಯ್ಯಲು ಗದಗಿನಿಂದ ಬಂದ ಅಪ್ಪ, ನ್ಯುಮೋನಿಯಾ ಆಗಿ ಅಲ್ಲಿನ ಲಂಕಾ ಬಡಾವಣೆಯ ಆಸ್ಪತ್ರೆ ಸೇರಿದರು. ಅಷ್ಟರಲ್ಲಿ ಮಸೀದಿ ಕೆಡವಿದ ಸುದ್ದಿಗೆ ಗಲಭೆಯೆದ್ದು ಕಾಶಿಯಲ್ಲಿ ಕರ್ಫ್ಯೂ ಬಿತ್ತು. "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದರು ಡಾಕ್ಟರು.

ಅಪ್ಪ ಗದಗಿನ ನಮ್ಮ ಚರ್ಚಿನ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವರು. ಕ್ರಿಸ್ಮಸ್‌ಗೆ ಮುಂಚೆ ಅದಕ್ಕಾಗಿ ಕಾಯುವ ಆಗಮನಕಾಲದ ನಾಲ್ಕು ವಾರಗಳಲ್ಲಿ ಯಾರಾದರೂ ಕ್ರಿಸ್ಮಸ್ ಹಾಡು ಗುನುಗಿದರೆ, "ಕೂಸು ಹುಟ್ಟೋ ಮೊದ್ಲ ಕುಲಾವಿ ಹೊಲಸ್ತೀರೇನು?" ಎಂದು ಗದರುತ್ತಿದ್ದರು. ಕಾಯುವುದೂ ಆರಾಧನೆಯೇ ಎಂಬುದು ಅವರ ಮಾತು.

ಕರ್ಫ್ಯೂ ಸಡಿಲಿಸಿದ ಮಧ್ಯಾಹ್ನ, ಬಂಗಾಲಿ ಟೋಲಾ ಓಣಿಗಳಾಚೆ ಇದ್ದ, ಅಲ್ಲಿನ ಚರ್ಚಿನ ಸಭಾಪಾಲಕರನ್ನು ಕರೆತರಲು ಹೊರಟೆ. ಹನುಮಾನ್ ಘಾಟ್‌ನ ಗಲ್ಲಿಯಲ್ಲಿ ಒಮ್ಮೆಲೇ ಕೂಗೆದ್ದಿತು. ಜನ ನನ್ನತ್ತಲೇ ಓಡಿಬಂದರು. ಕಲ್ಲೊಂದು ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಆ ಸದ್ದು ಇಂದಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ. "ಯೇಸಪ್ಪಾ, ಕಾಪಾಡು!" ಎಂದು ಚೀರಿದೆ. ಬಾಗಿಲೊಂದು ತೆರೆಯಿತು. ಅಲ್ಲಿ ನೆಲೆಸಿದ್ದ ಕನ್ನಡ ಪುರೋಹಿತರ ಮನೆಯ ಅಜ್ಜಿಯೊಬ್ಬರು ತೋಳು ಹಿಡಿದು ಒಳಗೆಳೆದುಕೊಂಡರು.

"ಕನ್ನಡದಾಕಿ ಏನವ್ವಾ? ಇಂಥಾದ್ರಾಗ ಎಲ್ಲಿಗೆ ಹೊಂಟಿ? ದಿಮಾಗ್ ಖರಾಬ್ ಆಗೇದೇನು?"

"ಅಪ್ಪ ಉಳಿಯೂದಿಲ್ಲ ಅಜ್ಜಿ. ಪಾದ್ರಿಗಳನ್ನ ಕರೀಬೇಕು."

ಅಜ್ಜಿ ಮಗನತ್ತ ತಿರುಗಿದರು. "ಏಳೋ, ಜೋಡಿ ಹೋಗು. ಊರವರ ಅಪ್ಪಂದಿರ ಕ್ರಿಯಾಕರ್ಮದ ಕೆಲಸ ಎಲ್ಲಾ ಮಾಡಸ್ತಿ, ಈಕಿ ಅಪ್ಪಂದೂ ನಿಲ್ಲಬಾರದು."

ಗಲಾಟೆ ತಗ್ಗಿದ ಮೇಲೆ ಅಜ್ಜಿಯ ಮಗ, ಆ ಪುರೋಹಿತರು, ನನ್ನನ್ನು ಸಭಾಪಾಲಕರ ಮನೆಯವರೆಗೂ ಮುಟ್ಟಿಸಿದರು.

ಆಸ್ಪತ್ರೆಯಲ್ಲಿ ಸಭಾಪಾಲಕರು ಆಗಮನಕಾಲದ ಪ್ರಾರ್ಥನೆ ಆರಂಭಿಸಿದಾಗ ಅಪ್ಪ ನನ್ನ ಕೈ ಒತ್ತಿದರು.

"ಕ್ರಿಸ್ಮಸ್ ಹಾಡು ಹಾಡವ್ವಾ."

"ಅಪ್ಪಾ, ಹಬ್ಬ ಇನ್ನೂ ಬಂದಿಲ್ಲ."

"ಹುಚ್ಚೀ, ನಾವು ಕಾಯೂದು ಒಮ್ಮೆ ಬಂದಾವನ್ನಽ. ಅವನಽ ಮತ್ತ ಬರ್ತಾನ. ಹಾಡು."

ನಾನು ಕನ್ನಡದಲ್ಲಿ, ಸಭಾಪಾಲಕರು ಹಿಂದಿಯಲ್ಲಿ ಹಾಡಿದೆವು. ಕರ್ತನ ಭೋಜನವೆಂದು ಸಭಾಪಾಲಕರು ಕೊಟ್ಟ, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಅಪ್ಪ ನುಂಗಿದರು. ಮರುದಿನ ಬೆಳಿಗ್ಗೆ ತೀರಿಕೊಂಡರು. ಊರಿಗೆ ಒಯ್ಯಲಾಗದೆ ಅಲ್ಲೇ ಮಣ್ಣು ಮಾಡಿದೆವು.

ಹಬ್ಬದ ದಿನ ಆ ಸಭಾಪಾಲಕರ ಚರ್ಚಿನಲ್ಲಿ, ಜನರ ನಡುವೆ ಒಬ್ಬಳೇ ಕೂತಿದ್ದೆ. ಅಪ್ಪನಿಗೆ ಈ ದಿನ ಸಿಗಲಿಲ್ಲವಲ್ಲ ಎಂದು ದೇವರ ಮೇಲೆ ಸಿಟ್ಟಿತ್ತು. ಸಭಾಪಾಲಕರು ರೊಟ್ಟಿ ಮುರಿದರು. ಆ ಗಳಿಗೆಯಲ್ಲಿ ತಿಳಿಯಿತು: ನಾನು ಬೇಡಿದ್ದು ಒಂದು ತಾರೀಖನ್ನು, ದೇವರು ಆಸ್ಪತ್ರೆಯಲ್ಲೇ ಅಪ್ಪನಿಗೆ ಕೊಟ್ಟದ್ದು ಹಬ್ಬವನ್ನೇ. ಸಭೆ ರೊಟ್ಟಿ ಮುರಿಯುವಲ್ಲಿ ಆಗಿಹೋದದ್ದೂ ಬರಲಿರುವುದೂ ಒಂದೇ ಪಂಕ್ತಿಗೆ ಬರುತ್ತವೆ, ಸತ್ತವರೂ ಬದುಕಿರುವವರೂ ಕೂಡ.

ದುಃಖ ಹೋಗಿಲ್ಲ, ಹೋಗಲೆಂದು ಬೇಡಿಯೂ ಇಲ್ಲ. ಅಂದು ಅಳುತ್ತಲೇ ಎದ್ದು ಹೋಗಿ, ಅಪ್ಪ ಈಗಾಗಲೇ ಕುಳಿತಿರುವ ಆ ಪಂಕ್ತಿಯಲ್ಲಿ ರೊಟ್ಟಿಗೆ ಕೈಚಾಚಿದೆ. ಕರ್ತನಿಗೆ ಸ್ತೋತ್ರ.