ರಿಂಗ್‌ಟೋನ್ ಆದ ಹುಡುಗಿಯ ದನಿ

ಹೈಸ್ಕೂಲು ಹುಡುಗರ ಕಿಸೆಗೂ ಮೊಬೈಲು ಬರತೊಡಗಿದ ಕಾಲ ಅದು. ಗಜೇಂದ್ರಗಡದ ಆಚೆಯ ಒಂದು ಊರಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಹತ್ತನೆಯ ತರಗತಿಯಲ್ಲಿ ಒಬ್ಬ ದರ್ಜಿಯ ಮಗಳಿದ್ದಳು. ಮಾತು ತೊದಲುತ್ತಿತ್ತು. ಆದರೂ ಓದು ಎಂದರೆ ಎಂದೂ ಹಿಂಜರಿದವಳಲ್ಲ. ‘ಪ’ ಅಕ್ಷರ ಬಂದಲ್ಲಿ ನಿಲ್ಲುವಳು, ಕಣ್ಣು ಮುಚ್ಚಿ ದಾಟುವಳು. ನಾವೆಲ್ಲ ಕಾಯುತ್ತಿದ್ದೆವು.

ಒಂದು ಸೋಮವಾರ ಅವಳು ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಅವಳ ಗೆಳತಿಯನ್ನು ಕೇಳಿದೆ. ಅವಳು ತಲೆ ತಗ್ಗಿಸಿ, “ಅಕಿ ಓದೋದನ್ನ ಕ್ಲಾಸಿನ್ಯಾಗ ಯಾರೋ ರೆಕಾರ್ಡ್ ಮಾಡ್ಯಾರ್ರಿ ಅಕ್ಕೋರ. ಹುಡುಗ್ರ ಫೋನಿನ್ಯಾಗೆಲ್ಲಾ ಅದ ರಿಂಗ್‌ಟೋನ್ ಆಗೇತ್ರಿ” ಎಂದಳು.

ಸಂಜೆ ಅವರ ಮನೆಗೆ ಹೋದೆ. ತಾಯಿ ಹೇಳಿದರು: “ಮುಶಿಗೇರಿಗೆ ಮದುವಿಗೆ ಹೋಗಿದ್ವಿರಿ. ಊಟಕ್ಕ ಕುಂತಾಗ ಯಾರದೋ ಫೋನ್ ಬಂತು. ಅದರಾಗ ಇಕಿ ದನಿ. ಎಲ್ಲಾರೂ ನಕ್ಕರು. ಅವತ್ತಿನಿಂದ ಮನ್ಯಾಗೂ ಬಾಯಿ ಬಿಡವಲ್ಲಳ್ರಿ.” ಹುಡುಗಿ ಹೊಲಿಗೆ ಮಿಶಿನ್ನಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಶಾಲೆಯ ಅಂಗಳದ ಚಾಷ್ಟಿ, ಗೇಲಿ ಎಲ್ಲ ಗಂಟೆ ಹೊಡೆದೊಡನೆ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಇದು ಅವಳಿಗಿಂತ ಮೊದಲೇ ನೆಂಟರೂರು ಮುಟ್ಟಿತ್ತು.

ರೆಕಾರ್ಡ್ ಮಾಡಿದ ಹುಡುಗ ಸಿಕ್ಕ. ಹೆಡ್‌ಮಾಸ್ತರರು ಬೆತ್ತ ತೆಗೆದರು.

“ಬ್ಯಾಡ್ರಿ ಸರ” ಎಂದೆ. “ಹೊಡದ್ರ ಆ ಸಿಟ್ಟೂ ಅಕಿ ಮ್ಯಾಲೇ ತಿರಗತೈತಿ.”

ಹುಡುಗನನ್ನು ಕೂರಿಸಿಕೊಂಡು, ಮದುವೆಯಲ್ಲಿ ಆದದ್ದನ್ನು ಹೇಳಿದೆ. “ನಗಾಕಂತ ಮಾಡಿದ್ನಿರಿ” ಎಂದ. ಯಾರ್ಯಾರಿಗೆ ಕಳಿಸಿದ್ದನೋ ಅವನಿಗೇ ನೆನಪಿರಲಿಲ್ಲ. ಅವನನ್ನು ಕರೆದುಕೊಂಡೇ ಬಜಾರಿನ ಮೊಬೈಲ್ ಅಂಗಡಿಗೆ ಹೋದೆ. ಕೇಳಿದವರ ಫೋನಿಗೆಲ್ಲ ಅದನ್ನು ಹಾಕಿಕೊಡುತ್ತಿದ್ದ ಅಂಗಡಿಯವನು ತನ್ನ ಕಂಪ್ಯೂಟರಿನಿಂದ ತೆಗೆದುಹಾಕಿದ. ತರಗತಿಯ ಹುಡುಗರೂ ನನ್ನೆದುರಿಗೇ ಅಳಿಸಿದರು. ಇಬ್ಬರು ಮೂವರು ಅಳಿಸುವಾಗಲೂ ನಗು ತಡೆದುಕೊಳ್ಳುತ್ತಿದ್ದರು.

ತಂದೆ ಅವಳನ್ನು ಮತ್ತೆ ಶಾಲೆಗೆ ಕರೆತಂದರು. ಓದುವ ಪಾಳಿ ಬಂದಾಗ ಎದ್ದು ನಿಂತಳು. ಸುತ್ತಲಿನವರ ಕೈಗಳನ್ನೆಲ್ಲ ನೋಡಿದಳು. ಹಾಗೇ ಕೂತಳು. ನಾನು ಒತ್ತಾಯಿಸಲಿಲ್ಲ.

ಕೆಲವು ತಿಂಗಳ ಮೇಲೆ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವನೊಬ್ಬನ ಫೋನಿನಿಂದ ಅದೇ ದನಿ ಕೇಳಿತು. ಕೇಳಿದ್ದಕ್ಕೆ, “ಎಲ್ಲಿಂದ ಬಂತೋ ಗೊತ್ತಿಲ್ರಿ, ಗೆಳ್ಯಾ ಹಾಕ್ಕೊಟ್ಟಾನ” ಎಂದ. ಅವಳು ನನ್ನ ವಿದ್ಯಾರ್ಥಿನಿ ಎಂದೆ. ಅವನ ಮುಖ ಸಣ್ಣದಾಯಿತು, ಅಲ್ಲೇ ಅಳಿಸಿದ.

ಪರೀಕ್ಷೆಗೆ ಮುಂಚೆ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. “ಎ… ಎಲ್ಲಾ ಅಳಿಸ್ಯಾರೇನ್ರಿ ಅಕ್ಕೋರ?”

ಹೌದೆನ್ನಲು ಬಾಯಿ ಬರಲಿಲ್ಲ. “ನಮಗ ಸಿಕ್ಕಷ್ಟು ಅಳಿಸೇವವ್ವಾ. ಸಿಗಲಾರದ್ದೂ ಇರತಾವ.”

ತಲೆಯಾಡಿಸಿ ಹೋದಳು. ಪಾಸಾದಳು, ಕಾಲೇಜಿಗೆ ಸೇರಲಿಲ್ಲ, ತಂದೆಯ ಅಂಗಡಿಯಲ್ಲಿ ಕೂತಳು. ಬ್ಲೌಸು ಹೊಲಿಸಲು ಹೋದಾಗಲೆಲ್ಲ ನನಗೆ ಚಹಾ ತರಿಸುತ್ತಿದ್ದಳು. ಯಾವಾಗ ಕೊಡುತ್ತೀ ಎಂದು ಕೇಳಿದರೆ, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು.